ತಮಟೆಯ ಹೆಜ್ಜೆಗೆ ಗಿಟಾರಿನ ಮರುದನಿ

ನನ್ನ ಪಾಲಿಗೆ ಅಣ್ಣನೂ ತಾಳದ ಗುರುವೂ ಆಗಿದ್ದ ನಂಜಣ್ಣನವರಿಗೆ,

ಕ್ಷೇಮವೇ ಎಂದು ಕೇಳಿ ಪತ್ರ ಆರಂಭಿಸುವುದು ನಮ್ಮವರ ರೂಢಿ. ನಿಮ್ಮನ್ನು ಹಾಗೆ ಕೇಳಲು ಮನಸ್ಸು ಬರುತ್ತಿಲ್ಲ. ಆದರೆ ನಿಮ್ಮ ಶಿಷ್ಯ ಮುನಿರಾಜು ಕ್ಷೇಮವಾಗಿದ್ದಾನೆ ಎಂದು ತಿಳಿಸಲು ಅಡ್ಡಿಯೇನಿದೆ? ನೀವು ಹೋದ ಮೇಲೆ ಅವನ ತಮಟೆಗೆ ಒಂದು ಆಪತ್ತು ಬಂದಿತ್ತು. ಆ ಆಪತ್ತು ಬಂದ ಬಗೆಯನ್ನೂ ಕಳೆದ ಬಗೆಯನ್ನೂ ನಿಮಗಲ್ಲದೆ ಇನ್ನಾರಿಗೆ ಬರೆಯಲಿ?

ಚನ್ನಪಟ್ಟಣದ ಬಸ್ ನಿಲ್ದಾಣದ ಎದುರು, ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ನಾವಿಬ್ಬರೂ ಕೊನೆಯ ಸಲ ಕುಳಿತಿದ್ದ ಸಂಜೆ ನೆನಪಾಗುತ್ತಿದೆ. ಲೋಟ ಕೆಳಗಿಟ್ಟು ನೀವು ಹೇಳಿದಿರಿ: “ಮೇಷ್ಟ್ರೇ, ನಮ್ಮ ಮುನಿರಾಜನ್ನ ಒಸಿ ನಿಮ್ಮ ಗಿಟಾರ್ ಹುಡುಗ್ರ ಜೊತೆ ಕೂರ್ಸ್ಕಳಿ. ಪೂಜೆ ಕುಣಿತ ವರ್ಷಕ್ಕೆ ಎಷ್ಟು ದಿನ ಇರ್ತದೆ? ಆ ನನ್ಮಗನ ಕೈ ಮಾತ್ರ ವರ್ಷವೆಲ್ಲಾ ತುರಿಸ್ತಾ ಇರ್ತದೆ.” ತಮಟೆಗೂ ಗಿಟಾರಿಗೂ ಹೊಂದುವುದೇ ಎಂದು ನಾನು ಅನುಮಾನಿಸಿದೆ. “ನಂಗೂ ನಿಮ್ಗೂ ಹೊಂದ್ಕಂಡಿಲ್ವಾ?” ಎಂದು ನೀವು ನಕ್ಕಿರಿ. ಮಾತು ನಿಜವೇ. ನೀವು ಪೂಜೆ ಕುಣಿತದ ತಮಟೆಯಿಂದ ಆರ್ಕೆಸ್ಟ್ರಾದ ಡ್ರಮ್ಸಿಗೆ ಬಂದವರು. ನಾನು ಪುಸ್ತಕ ನೋಡಿ ಗಿಟಾರು ಕಲಿತವನು. ಅಷ್ಟು ವರ್ಷಗಳ ಮದುವೆ ಮಂಟಪಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ನಿಮ್ಮ ಪಕ್ಕದಲ್ಲಿ ನಿಂತದ್ದಕ್ಕೇ ಅಲ್ಲವೇ ನನಗೆ ತಾಳ ಬಂದದ್ದು? ಮುನಿರಾಜನನ್ನು ಕಳುಹಿಸಿ ಎಂದೆ. ಅವನು ನನ್ನ ಮೆಟ್ಟಿಲು ಹತ್ತುವ ಹೊತ್ತಿಗೆ ನೀವು...

ರಾಮನಗರದ ನನ್ನ ಪಾಠದ ಕೋಣೆಗೆ ಅವನು ಬಂದ ಮೊದಲ ಭಾನುವಾರವನ್ನು ನೀವು ನೋಡಬೇಕಿತ್ತು. ಬಂದವನೇ ಚರ್ಮ ಬಿಗಿಯಾಗಲು ತಮಟೆ ಕಾಯಿಸಬೇಕು ಎಂದು ತಾರಸಿಗೆ ಹೋಗಿ, ಹಳೆಯ ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚಿದ. ಕೆಳಗಿನ ಜೆರಾಕ್ಸ್ ಅಂಗಡಿಯವರು ಹೊಗೆ ಕಂಡು ಏದುಸಿರು ಬಿಡುತ್ತಾ ಓಡಿಬಂದರು. “ಏನ್ ಸಾರ್ ಇದು, ಹೋಮ ಇಟ್ಕೊಂಡಿದ್ದೀರಾ? ನಮ್ಗೊಂದು ಮಾತು ಹೇಳಿದ್ರೆ ನಾವೂ ಪಂಚೆ ಉಟ್ಕೊಂಡು ಬರ್ತಿದ್ವಲ್ಲ!” ಮುನಿರಾಜು ನಾಲಗೆ ಕಚ್ಚಿಕೊಂಡ. ಆದರೆ ಕಾದ ತಮಟೆಯನ್ನು ಹಿಡಿದು ಅವನು ಮೊದಲ ಏಟು ಕೊಟ್ಟಾಗ ಅದೇ ಅಂಗಡಿಯವರು ಕೆಳಗಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟರು. ನಂಜಣ್ಣ, ಆ ಏಟಿನಲ್ಲಿ ನೀವಿದ್ದಿರಿ ಎಂದು ಬರೆದರೆ ಅದು ಪೂರ್ತಿ ಸರಿಯಾಗದು. ನಿಮ್ಮ ಏಟಿಗಿಂತ ಅದು ತುಸು ಹಗುರ, ತುಸು ಅವಸರ.

ಆ ಅವಸರವೇ ಮುಂದೆ ಮಾತಿಗೆ ಬಂತು. ನನ್ನ ಕೋಣೆಯಲ್ಲಿ ಆಗಲೇ ಇಬ್ಬರಿದ್ದರು. ಬಿಡದಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ಪ್ರದೀಪ ಕೀಬೋರ್ಡ್ ನುಡಿಸುತ್ತಾ ಹಾಡುತ್ತಾನೆ. ತಂಡಕ್ಕೆ ಕಾರ್ಯಕ್ರಮ ಹಿಡಿದು ತರುವವನೂ ಅವನೇ. ಎಂ.ಎಸ್ಸಿ. ಓದುತ್ತಿರುವ ಕಾವ್ಯ ನನ್ನಲ್ಲಿ ಐದನೆಯ ತರಗತಿಯಿಂದ ಗಿಟಾರು ಕಲಿಯುತ್ತಿರುವವಳು. ಅವಳ ಕಾಲ ಬಳಿ ಈಗ ಒಂದು ಡಿಜಿಟಲ್ ಎಫೆಕ್ಟ್ಸ್ ಪ್ರೊಸೆಸರ್ ಇರುತ್ತದೆ. ನನ್ನ ಹಳೆಯ ಪೆಡಲನ್ನು ನೀವು ‘ಗೊಗ್ಗರು ಡಬ್ಬಿ’ ಎಂದು ಹಂಗಿಸುತ್ತಿದ್ದಿರಲ್ಲ, ಅಂಥ ಹತ್ತಾರು ಡಬ್ಬಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿದ ಹಾಗೆ. ಅವಳು ಒಂದು ಸ್ವರ ಮೀಟಿದರೆ ಪೆಟ್ಟಿಗೆ ಅದನ್ನು ಅರೆಕ್ಷಣ ತಡೆದು ಮತ್ತೆ ನುಡಿಸುತ್ತದೆ, ಮತ್ತೊಮ್ಮೆ ನುಡಿಸುತ್ತದೆ. ಆ ಮರುದನಿಗಳು ತಾಳದ ಎರಡು ಏಟುಗಳ ನಡುವಿನ ಖಾಲಿ ಜಾಗಕ್ಕೆ ಸರಿಯಾಗಿ ಬಿದ್ದರೆ ಒಬ್ಬಳೇ ಹುಡುಗಿ ಮೂವರಂತೆ ಕೇಳಿಸುತ್ತಾಳೆ. ಬೀಳದಿದ್ದರೆ, ತುಂಬಿದ ಬಸ್ಸಿನ ಬಾಗಿಲಲ್ಲಿ ಹತ್ತುವವರೂ ಇಳಿಯುವವರೂ ಒಟ್ಟಿಗೆ ನುಗ್ಗಿದಂತಾಗುತ್ತದೆ. ಹಾಡಿನ ವೇಗವನ್ನು ಪೆಟ್ಟಿಗೆಗೆ ತಿಳಿಸುವ ಬಗೆ ಸುಲಭ: ನಡೆಗೆ ಸರಿಯಾಗಿ ಒಂದು ಗುಂಡಿಯನ್ನು ನಾಲ್ಕು ಸಲ ಕಾಲಿನಿಂದ ತುಳಿಯಬೇಕು. ಅಲ್ಲಿರುವ ಪುಟ್ಟ ದೀಪ ಆ ವೇಗಕ್ಕೇ ಮಿನುಗತೊಡಗುತ್ತದೆ.

ಕನಕಪುರದ ಕಾಲೇಜೊಂದರ ಕಾರ್ಯಕ್ರಮಕ್ಕೆ ಅಭ್ಯಾಸ ಶುರುವಾದ ದಿನವೇ ಜಗಳವೂ ಶುರುವಾಯಿತು. ಮೊದಲ ಚರಣ ಮುಗಿಯುವವರೆಗೆ ತಮಟೆಯೂ ಗಿಟಾರೂ ಗಂಡಹೆಂಡಿರಂತೆ ಇರುತ್ತಿದ್ದವು. ಎರಡನೆಯ ಚರಣ ಬಂತೆಂದರೆ ಮರುದನಿ ಒಂದು ದಿಕ್ಕಿಗೆ, ತಮಟೆ ಇನ್ನೊಂದು ದಿಕ್ಕಿಗೆ. ಮುನಿರಾಜು ನಡೆಗಿಂತ ಮುಂದೆ ಓಡುತ್ತಾನೆ ಎಂಬುದು ಎಲ್ಲರ ಕಿವಿಗೂ ಗೊತ್ತಿತ್ತು. ಆದ್ದರಿಂದ ತಪ್ಪು ಯಾರದು ಎಂದು ಯಾರೂ ಹುಡುಕಲಿಲ್ಲ. ಪ್ರದೀಪ ಅವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಯಂತ್ರದ ಟಿಕ್ ಟಿಕ್ ಕೇಳಿಸಿದ. ನಿಮ್ಮ ಶಿಷ್ಯನ ಕೈ ಮರಗಟ್ಟಿದಂತಾಯಿತು. ಇಯರ್‌ಫೋನ್ ಕಿತ್ತು ನನ್ನ ಮುಖ ನೋಡಿದ: “ಕಿವಿಯೊಳಿಕೆ ಜೀರುಂಡೆ ಬುಟ್ಟಂಗಾಯ್ತದೆ ಸಾ. ಅದರ ಮಾತು ಕೇಳನಾ, ನನ್ನ ಕೈ ಮಾತು ಕೇಳನಾ?”

“ಕೈ ಮಾತು ಕೇಳೇ ಹಿಂಗಾಗಿರೋದು ಕಣಪ್ಪ,” ಎಂದ ಪ್ರದೀಪ. ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, “ಸರ್, ಬೇಜಾರ್ ಮಾಡ್ಕೋಬೇಡಿ. ನನ್ನ ಹತ್ರ ಡ್ರಮ್ ಮಶೀನ್ ಇದೆ. ಕಾವ್ಯನ ಪೆಟ್ಟಿಗೆಗೆ ಒಂದು ವೈರ್ ಹಾಕಿದ್ರೆ ಎರಡೂ ಸಿಂಕ್ ಆಗತ್ತೆ, ಕೂದ್ಲು ಎಳೆಯಷ್ಟೂ ಆಚೀಚೆ ಆಗಲ್ಲ. ಮುನಿರಾಜನ್ನ ಒಂದೆರಡು ಹಾಡಿಗೆ ಸುಮ್ನೆ ಜೊತೆಗೆ ನಿಲ್ಸೋಣ.” ಸುಮ್ಮನೆ ಜೊತೆಗೆ ನಿಲ್ಲಿಸುವುದು! ನಂಜಣ್ಣ, ತಾಳ ಹಿಡಿಯುವವನನ್ನು ವೇದಿಕೆಯ ಅಲಂಕಾರವಾಗಿ ನಿಲ್ಲಿಸಬಹುದೆ? ಮುನಿರಾಜು ತಮಟೆಯನ್ನು ಬಟ್ಟೆಯಲ್ಲಿ ಸುತ್ತಿ, “ಬತ್ತೀನಿ ಸಾ,” ಎಂದು ಇಳಿದುಹೋದ. ಮುಂದಿನ ಅಭ್ಯಾಸಕ್ಕೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಪ್ರದೀಪನಿಗೆ ನಾನು ಖಚಿತವಾಗಿ ಹೇಳಿದೆ: ಇನ್ನೊಂದು ಭಾನುವಾರದವರೆಗೆ ಆ ವೈರನ್ನು ಯಾರೂ ಹಾಕಕೂಡದು. ಅಷ್ಟರಲ್ಲಿ ಏನು ಮಾಡುತ್ತೇನೆಂದು ನನಗೂ ಗೊತ್ತಿರಲಿಲ್ಲ. ಆದರೆ ನಿಮ್ಮ ಶಿಷ್ಯನನ್ನು ಒಂದು ವೈರಿಗೆ ಬಿಟ್ಟುಕೊಡುವವನು ನಾನಲ್ಲ ಎಂಬುದು ಮಾತ್ರ ಗೊತ್ತಿತ್ತು.

ವಾರದ ನಡುವೆ ಒಂದು ಮಧ್ಯಾಹ್ನ ಕಾವ್ಯ ಪೆಟ್ಟಿಗೆಯನ್ನು ಅಪ್ಪಿಕೊಂಡು ಓಡಿಬಂದಳು. ಅಭ್ಯಾಸವನ್ನು ಅವಳು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದಳಂತೆ. “ಸರ್, ಇಲ್ಲಿ ಕೇಳಿ. ಈ ಜಾಗದಲ್ಲಿ ಮುನಿರಾಜು ಇನ್ನೂ ಓಡೇ ಇಲ್ಲ. ಆದ್ರೂ ಎಕೋ ಕೆಟ್ಟಿದೆ.” ಕೇಳಿದೆ. ಹೌದು, ತಮಟೆ ನೆಟ್ಟಗೇ ಇತ್ತು. ಕೆಟ್ಟದ್ದು ಯಾವಾಗ? ಎರಡನೆಯ ಚರಣಕ್ಕೆ ಬೇರೆ ನಾದ ಬೇಕೆಂದು ಅವಳು ಇನ್ನೊಂದು ಗುಂಡಿಯನ್ನು ಒತ್ತಿದ ಕ್ಷಣದಲ್ಲಿ! ಪೆಟ್ಟಿಗೆಯಲ್ಲಿ ಕೂಡಿಸಿಟ್ಟ ಒಂದೊಂದು ನಾದವೂ ತನ್ನದೇ ಒಂದು ವೇಗವನ್ನು ಒಳಗೆ ಇಟ್ಟುಕೊಂಡಿತ್ತು. ಮೊದಲ ನಾದದಲ್ಲಿರುವಾಗ ಅವಳು ಕಾಲಿನಿಂದ ತುಳಿದು ಹೇಳಿದ ವೇಗ, ಎರಡನೆಯ ನಾದಕ್ಕೆ ಹೋದೊಡನೆ ಅಳಿಸಿಹೋಗಿ, ಕಾರ್ಖಾನೆಯಲ್ಲಿ ತುಂಬಿಸಿದ ವೇಗ ಮರಳಿ ಬರುತ್ತಿತ್ತು. ಎಲ್ಲ ನಾದಗಳಿಗೂ ಒಂದೇ ವೇಗ ಇರಲಿ ಎಂದು ಹೇಳುವ ಆಯ್ಕೆ ಪೆಟ್ಟಿಗೆಯ ಒಳಗೆಲ್ಲೋ ಅಡಗಿತ್ತು. ಅದನ್ನು ಹುಡುಕಿ ಸರಿಪಡಿಸಿಯೇ ಬಂದಿದ್ದಳು. ಇಷ್ಟು ಹೇಳಿ ಆ ಹುಡುಗಿಯ ಕಣ್ಣು ತುಂಬಿತು. “ನನ್ನ ಪೆಟ್ಟಿಗೆ ಮಾಡಿದ್ದಕ್ಕೆ ಅವನನ್ನ ಹೊರಗೆ ಹಾಕೋಕೆ ಹೊರಟಿದ್ವಲ್ಲ ಸರ್. ನಾನೇ ಹೋಗಿ ಹೇಳ್ಬೇಕು.”

ಅವನೂರು ಬೈರಾಪಟ್ಟಣಕ್ಕೆ ನಾವಿಬ್ಬರೂ ಹೋದಾಗ ಮುನಿರಾಜು ಹೊಲದ ಬದುವಿನಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ. ನಮ್ಮನ್ನು ಮೊದಲು ಕಂಡದ್ದು ಅವನ ತಾಯಿ. “ಬನ್ನಿ ಮೇಷ್ಟ್ರೇ, ಸರಿಯಾದ ಹೊತ್ಗೆ ಬಂದ್ರಿ. ತಮಟೆನ ಅಟ್ಟಕ್ಕೆ ಹಾಕ್ಬುಟ್ಟು ಕೋಪ ಎಲ್ಲಾ ಹಸಿನ ಮೇಲೆ ತೀರಿಸ್ಕತಾವ್ನೆ. ಪಾಪ, ಹಸು ಏನ್ ತಾಳ ತಪ್ಪಿಸ್ತು?” ಎಂದು ಮಜ್ಜಿಗೆ ತಂದುಕೊಟ್ಟರು. ಮುನಿರಾಜು ನಗಲಿಲ್ಲ. ಕಾವ್ಯ ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದಳು, ಫೋನಿನಲ್ಲಿದ್ದುದನ್ನೂ ಕೇಳಿಸಿದಳು. ಅವನು ಕುಡುಗೋಲಿನ ತುದಿಯಿಂದ ಮಣ್ಣು ಕೆದಕುತ್ತಾ ಕೇಳಿಸಿಕೊಂಡ.

“ನಂದೂ ಐತೆ ಕಾವ್ಯಕ್ಕ,” ಎಂದ ಕೊನೆಗೆ. “ನೀನು ಒಳ್ಳೇತನಕ್ಕೆ ಎಲ್ಲಾ ನಿನ್ನ ಮೇಲೆ ಹಾಕ್ಕಬ್ಯಾಡ. ಅದಾದ್ಮೇಲೆ ನಾನೂ ಓಡಿವ್ನಿ. ಹಾಡು ಕಾವೇರ್ದಂಗೆ ಕೈ ತಾನೇ ಏರ್ತದೆ. ನಂಜಣ್ಣ ಕಲ್ಸಿದ್ದೇ ಹಂಗೆ. ಏರ್ಸದೆ ಹೊಡಿ ಅಂದ್ರೆ ನಂಗೆ ಬರಾಕಿಲ್ಲ.”

ಆ ಮಾತಿಗೆ ನನಗೆ ನೀವು ಪೂಜೆ ಹೊತ್ತವನ ಎದುರು ತಮಟೆ ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದ ದೃಶ್ಯ ಕಣ್ಮುಂದೆ ಬಂತು. ಅವನ ತಲೆಯ ಮೇಲೆ ಆಳೆತ್ತರದ ಬಿದಿರ ಚೌಕಟ್ಟು, ಸೀರೆ, ಹೂವು, ದೇವಿಯ ಮುಖ; ಅದೇ ‘ಪೂಜೆ’. ಕೈಯಲ್ಲಿ ಹಿಡಿಯದೆ ಕುಣಿಯಬೇಕು. ನೀವು ವೇಗವನ್ನು ಏರಿಸುತ್ತಿದ್ದಿರಿ, ನಿಜ. ಆದರೆ ಹೇಳದೆ ಕೇಳದೆ ಏರಿಸುತ್ತಿದ್ದಿರಾ? ಮುನಿರಾಜನನ್ನು ಅದನ್ನೇ ಕೇಳಿದೆ.

“ಹೇಳ್ದೆ ಏರ್ಸಿದ್ರೆ ಅವ್ನ ಕುತ್ತಿಗೆ ಉಳುಕೋಯ್ತದೆ ಸಾ! ಮೊದ್ಲು ಅಂಚಿಗೊಂದು ಏಟು ಹಾಕ್ಬೇಕು, ಕಡ್ಡೀಲಿ, ‘ಟಣ್’ ಅಂತ. ಅವ್ನು ಕಾಲು ಊರ್ಕತಾನೆ. ಆಮೇಲೆ ಏರ್ಸದು.”

“ಮತ್ತೆ ನಮ್ಮ ಜೊತೆ ನುಡಿಸುವಾಗ ಆ ಏಟು ಯಾಕೆ ಹಾಕೋದಿಲ್ಲ?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ಅದು ಪೂಜೆ ಹೊತ್ತವ್ನಿಗೆ ಸಾ. ಯಾರ ತಲೆ ಮೇಲೂ ಪೂಜೆ ಇಲ್ದೆ ಇರುವಾಗ ಆ ಏಟು ಹಾಕಬಾರ್ದು. ಸುಮ್ಸುಮ್ನೆ ಹಾಕಿದ್ರೆ ನಂಜಣ್ಣ ಕಪಾಳಕ್ಕೆ ಬುಡ್ತಿದ್ರು.”

ಬಿಡುತ್ತಿದ್ದಿರಿ ಎಂದೇ ನಾನೂ ನಂಬುತ್ತೇನೆ. ಕುಣಿಯುವವನಿಗೆ ಸಲ್ಲುವ ಎಚ್ಚರಿಕೆಯನ್ನು ಬಯಲಿನಲ್ಲಿ ಪೋಲು ಮಾಡಬಾರದೆಂದು ನೀವು ವಿಧಿಸಿದ ಕಟ್ಟಳೆಯನ್ನು ಅವನು ನಿಮ್ಮ ಮೇಲಿನ ಗೌರವಕ್ಕಾಗಿ ಪಾಲಿಸುತ್ತಿದ್ದ. ಆ ಗೌರವದಿಂದಲೇ ಕಾವ್ಯಳಿಗೆ ಯಾವ ಸುಳಿವೂ ಸಿಗದೆ ಹೋಗುತ್ತಿತ್ತು. ಇದಕ್ಕೆ ಯಾರನ್ನು ದೂರಲಿ? ಕಾವ್ಯ ಅಷ್ಟು ಹೊತ್ತಿಗೆ ಮಜ್ಜಿಗೆಯ ಲೋಟವನ್ನು ಬದುವಿನ ಮೇಲಿಟ್ಟು ಅವನ ಎದುರಿಗೆ ಬಂದು ನಿಂತಿದ್ದಳು. “ನನ್ನ ತಲೆ ಮೇಲೆ ಪೂಜೆ ಇಲ್ಲ ಕಣೋ, ಕಾಲ್ ಕೆಳಗೆ ಪೆಟ್ಟಿಗೆ ಇದೆ. ನೀನು ಹೇಳ್ದೆ ಏರಿಸಿದ್ರೆ ಅದೂ ಉಳುಕತ್ತೆ. ನಂಗೂ ಹಾಕು ಆ ಏಟು.” ಮುನಿರಾಜು ನನ್ನ ಮುಖವನ್ನೇ ನೋಡುತ್ತಿದ್ದ, ನಿಮ್ಮ ಅಪ್ಪಣೆ ನನ್ನ ಬಳಿ ಇದೆ ಎಂಬಂತೆ. ನಂಜಣ್ಣ, ನಿಮ್ಮ ಪರವಾಗಿ ನಾನು ತಲೆಯಾಡಿಸಿದೆ. ನೀವಿದ್ದಿದ್ದರೂ ಹೀಗೆಯೇ ಮಾಡುತ್ತಿದ್ದಿರಿ ತಾನೆ?

ಆ ಭಾನುವಾರದ ಅಭ್ಯಾಸ ಮಧ್ಯಾಹ್ನದ ಊಟವನ್ನೂ ನುಂಗಿತು. ಅಂಚಿನ ಏಟು ಬಿದ್ದೊಡನೆ ಕಾವ್ಯ ಮೀಟುವುದನ್ನು ಕಡಿಮೆ ಮಾಡಬೇಕು. ಮುನಿರಾಜು ಏರಿಸಿದ ಹೊಸ ನಡೆಯನ್ನು ಗುಂಡಿ ತುಳಿದು ಪೆಟ್ಟಿಗೆಗೆ ಒಪ್ಪಿಸಬೇಕು. ಆದರೆ ನಾಲ್ಕು ತುಳಿತ ಮುಗಿಯುವವರೆಗೆ ಅವನ ಕೈ ಮತ್ತೆ ಏರಕೂಡದು, ಏರಿದರೆ ಪೆಟ್ಟಿಗೆಗೆ ಸಿಗುವುದು ಹಳಸಿದ ಸುದ್ದಿ. “ಇಳಿಜಾರಲ್ಲಿ ಓಡೋನ್ನ ಮೆಟ್ಲು ಹತ್ತು ಅಂದಂಗಾಯ್ತು,” ಎಂದು ಮುನಿರಾಜು ಗೊಣಗಿದ. “ಹತ್ತು, ಮಂಡಿಗೆ ಒಳ್ಳೇದು,” ಎಂದಳು ಕಾವ್ಯ. ವೇಗ ಬದಲಾಗುವ ಕ್ಷಣದಲ್ಲಿ ಹಳೆಯ ಮರುದನಿ ತುಸು ಜಾರಿ, ಸ್ವರ ಬಾಗಿ, ಹೊಸ ನಡೆಗೆ ಸೇರಿಕೊಳ್ಳುತ್ತಿತ್ತು. ಮೊದಮೊದಲು ಅದು ಕಿವಿಯನ್ನು ಇರಿಯಿತು. ಸಂಜೆಯ ಹೊತ್ತಿಗೆ ಅದೇ ಹಾಡಿನ ಅತ್ಯಂತ ಚೆಲುವಾದ ಜಾಗವಾಯಿತು. ಪ್ರದೀಪ ಮಾತ್ರ ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಅವನಿಗೆ ಕಾರಣವೂ ಇತ್ತು. “ಇಲ್ಲಿ ಸರಿ ಸರ್. ಅಲ್ಲಿ ಹುಡುಗ್ರು ಎದ್ದು ಶಿಳ್ಳೆ ಹೊಡೆದಾಗ ಇವನಿಗೆ ಮೆಟ್ಲು ನೆನಪಿರತ್ತಾ? ನಾನು ಮಶೀನ್ ತಂದಿಟ್ಕೋತೀನಿ. ಮೊದಲ ಹಾಡಲ್ಲಿ ಕೆಟ್ರೆ ಮಿಕ್ಕಿದ್ದೆಲ್ಲಾ ಮಶೀನಲ್ಲೇ.” ಷರತ್ತು ನ್ಯಾಯವಾದದ್ದೇ. ಮುನಿರಾಜನೇ ಮೊದಲು “ಆಯ್ತು” ಎಂದ.

ಕನಕಪುರದ ಆ ಸಂಜೆ ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ನಾನು ನಿಂತಿದ್ದೆ. ಮೊದಲ ಚರಣಕ್ಕೇ ಮಕ್ಕಳು ಕುರ್ಚಿ ಬಿಟ್ಟು ಎದ್ದರು. ಮುನಿರಾಜನ ಕಣ್ಣಲ್ಲಿ ಅದೇ ಹಳೆಯ ಹೊಳಪು ಬಂತು, ಕೈ ಬಿಗಿಯಿತು. ‘ಟಣ್’ ಎಂದು ಅಂಚಿಗೆ ಹೊಡೆದ. ಆ ಶಿಳ್ಳೆ ಕೇಕೆಗಳ ನಡುವೆ ಅದು ನನಗೇ ಅರೆಬರೆ ಕೇಳಿಸಿತು. ಕಾವ್ಯಳಿಗೆ ಕೇಳಿಸಲೇ ಇಲ್ಲ. ಅವಳು ಕಣ್ಣು ಮುಚ್ಚಿ ಮೀಟುತ್ತಿದ್ದಳು; ಕಾಲು ಅಲುಗಲಿಲ್ಲ. ಪ್ರದೀಪನ ಕೈ ಕೀಬೋರ್ಡಿನಿಂದ ಮಶೀನಿನ ಕಡೆಗೆ ಸರಿಯಿತು. ಇನ್ನೊಂದು ಕ್ಷಣದಲ್ಲಿ ಎಲ್ಲವೂ...

ನಿಮ್ಮ ಶಿಷ್ಯ ಏರಿಸಲಿಲ್ಲ, ನಂಜಣ್ಣ. ಎದುರಿಗೆ ಅಷ್ಟು ಜನ ಏರಿಸು ಏರಿಸು ಎಂದು ಕೂಗುತ್ತಿದ್ದಾಗ, ಏರಿಸದೆ ಹೊಡೆಯಲು ಬರುವುದಿಲ್ಲ ಎಂದಿದ್ದ ಆ ಹುಡುಗ, ಅವಳ ಕಾಲನ್ನು ನೋಡಿ, ಕೈಯನ್ನು ಹಿಡಿದುಕೊಂಡ. ಒಂದು ಸಾಲು ಪೂರ್ತಿ ಅದೇ ನಡೆಯಲ್ಲಿ ನಡೆದ. ನಡೆಯುತ್ತಲೇ ನಾಲ್ಕು ಹೆಜ್ಜೆ ಹಾಕಿ ಅವಳ ಎದುರಿಗೇ ಬಂದು, ಪೂಜೆ ಹೊತ್ತವನ ಮುಂದೆ ನೀವು ನಿಲ್ಲುತ್ತಿದ್ದಂತೆಯೇ ತಮಟೆಯನ್ನು ಎದೆಮಟ್ಟಕ್ಕೆ ಎತ್ತಿ, ಮತ್ತೊಮ್ಮೆ ಅಂಚಿಗೆ ಹೊಡೆದ. ಅವಳು ಕಣ್ಣು ತೆರೆದಳು. ಕಾಲು ಗುಂಡಿಗೆ ಹೋಯಿತು. ಮರುದನಿ ಬಾಗಿತು, ಜಾರಿತು, ತಮಟೆಯ ಹೊಸ ಹೆಜ್ಜೆಯ ಮೇಲೆ ಬಂದು ನಿಂತಿತು. ಪ್ರದೀಪನ ಕೈ ತಾನಾಗಿಯೇ ಕೀಬೋರ್ಡಿಗೆ ಮರಳಿತು. ಮಶೀನು ಕೊನೆಯವರೆಗೂ ತನ್ನ ಚೀಲದ ಮೇಲೆ ಹಾಗೆಯೇ ಕೂತಿತ್ತು.

ನಿನ್ನೆ ಪ್ರದೀಪ ಮಾಗಡಿಯ ಕಾರ್ಯಕ್ರಮಕ್ಕಾಗಿ ಹಾಡುಗಳನ್ನು ಜೋಡಿಸುತ್ತಾ, “ಮುನಿರಾಜು, ಹೊಸ ಹಾಡಿಗೆ ಟೆಂಪೋ ಎಷ್ಟು ಇಡ್ಲಿ?” ಎಂದು ಕೇಳಿದ. “ಇನ್ನೂ ಹೊಡ್ದೇ ಇಲ್ಲ ಕಣಣ್ಣೋ, ಹೆಂಗ್ ಹೇಳ್ಲಿ? ಒಸಿ ತಡ್ಕ,” ಎಂದ ನಿಮ್ಮವನು. ಕೇಳಿದವನು ಪ್ರದೀಪ, ಕೇಳಿಸಿಕೊಂಡವನು ಮುನಿರಾಜು! ನಾನು ಕಿಟಕಿಯ ಕಡೆ ತಿರುಗಿ ನಕ್ಕೆ.

ಆದರೆ ಈ ಪತ್ರಕ್ಕೆ ನಾನು ಕುಳಿತದ್ದು ಆಮೇಲೆ ನಡೆದದ್ದನ್ನು ಹೇಳಲು. ಆ ಹೊಸ ಹಾಡನ್ನು ನುಡಿಸಿ ನೋಡುವಾಗ ಕೊನೆಗೆ ಎಲ್ಲರೂ ಏರಿಕೆಯನ್ನೇ ಕಾಯುತ್ತಿದ್ದೆವು. ಅಂಚಿನ ಏಟು ಬಿತ್ತು, ಒಂದಲ್ಲ, ಎರಡು. ಕಾವ್ಯ ತಬ್ಬಿಬ್ಬಾದಳು. ಮುನಿರಾಜು ಕಣ್ಣಲ್ಲೇ ಸನ್ನೆ ಮಾಡಿ ನಡೆಯನ್ನು ಇಳಿಸಿದ. ಹೌದು, ಇಳಿಸಿದ. ಅವಳು ನಿಧಾನವಾಗಿ ತುಳಿದಳು, ಮರುದನಿ ಹಿಗ್ಗಿತು, ಅವನು ಮತ್ತೂ ಇಳಿಸಿದ. ಕೊನೆಯ ಮರುದನಿ ಅಡಗುವವರೆಗೂ ಕಡ್ಡಿಯನ್ನು ಎತ್ತಿ ಹಿಡಿದೇ ಇದ್ದ. ನಂಜಣ್ಣ, ಏರಿಸುವುದನ್ನು ನೀವು ಎಲ್ಲರಿಗೂ ಕಲಿಸಿದಿರಿ, ನನಗೂ ಕಲಿಸಿದಿರಿ. ಇಳಿಸುವುದನ್ನು ನೀವು ಯಾರಿಗೂ ಕಲಿಸಿದವರಲ್ಲ. ಪೂಜೆ ಕುಣಿತದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದೆ. “ಗೊತ್ತಿಲ್ಲ ಸಾ. ಅವಳ ಪೆಟ್ಟಿಗೆ ಹಿಂದೆ ಬತ್ತದೆ ಅಂತ ಗೊತ್ತಾದ್ಮೇಲೆ ಓಡ್ಬೇಕು ಅನ್ನಿಸ್ಲಿಲ್ಲ,” ಎಂದ.

ಇದು ನಿಮ್ಮಿಂದ ಬಂದದ್ದಲ್ಲ, ನನ್ನಿಂದಲೂ ಅಲ್ಲ, ಅವನದೇ. ಅದಕ್ಕೇ ನಿಮಗೆ ಈ ಸುದ್ದಿಯನ್ನು ಮುಟ್ಟಿಸಬೇಕೆನಿಸಿತು. ಮಾಗಡಿಯಲ್ಲಿ ಆ ಹಾಡನ್ನೇ ಕೊನೆಗೆ ನುಡಿಸಬೇಕೆಂದು ನಾನು ತೀರ್ಮಾನಿಸಿದ್ದೇನೆ. ಜನ ಏರಿಕೆ ಬೇಕೆಂದು ಎಷ್ಟೇ ಕೂಗಲಿ, ಅವನು ಇಳಿಸುವವರೆಗೆ ನಾನು ಪರದೆಯ ಪಕ್ಕದಲ್ಲಿ ನಿಂತಿರುತ್ತೇನೆ.

ಇಂತಿ ನಿಮ್ಮ,
ಮೇಷ್ಟ್ರು